ಪ್ರಾಣಪ್ರತ್ಯಾಗಮನ ವಿಚಾರ

ಲಕ್ಕವಳ್ಳಿಯ ಬಳಿ ಭದ್ರಾನದಿಗೆ ಅಣೆಕಟ್ಟನ್ನು ಕಟ್ಟಿ ಬಲದಂಡೆಯ ನಾಲೆಯನ್ನು ಹರಿಸಿದ ಮೇಲೆ ಚನ್ನಗಿರಿ ಸೀಮೆಯ ಮುಖಚ್ಛಾಯೆಯೇ ಬೇರೆಯಾಯಿತು. ಮಳೆಯನ್ನೇ ನಂಬಿದ್ದ ಬೆದ್ದಲು ಭೂಮಿಯು ಭತ್ತದ ಗದ್ದೆಯಾಯಿತು. ಅಡಕೆಯ ತೋಟಗಳು ತಲೆಯೆತ್ತಿದವು. ಈ ನೀರಿನ ಫಲವನ್ನು ಉಂಡ ಊರುಗಳಲ್ಲಿ ತ್ಯಾವಣಿಗೆಯೂ ಒಂದು. ಅದೇ ತಾಲ್ಲೂಕಿನಲ್ಲಿ ಶಾಂತಿಸಾಗರವೆಂದು ಕರೆಯಿಸಿಕೊಳ್ಳುವ ಸೂಳೆಕೆರೆಯು ಶತಮಾನಗಳಿಂದ ಸಮುದ್ರದಂತೆ ಹರಡಿಕೊಂಡಿದೆ. ಆದರೆ ನೀರು ಮನೆಯ ಹತ್ತಿರಕ್ಕೆ ಬಂದಲ್ಲಿ ಅನ್ನದೊಡನೆ ಒಂದು ಭಯವೂ ಬರುವುದು. ಜನರು ಚಾನಲ್ ಎಂದು ಕರೆಯುವ ಈ ನಾಲೆಯ ಒಳಮೈ ಜಾರು. ನೀರಿನ ಸೆಳೆತ ಬಲವಾದುದು. ಬಟ್ಟೆ ಒಗೆಯಲು ಇಳಿದವರೂ ದನದ ಮೈ ತೊಳೆಯಹೋದವರೂ ಈಜನ್ನರಿಯದ ಹುಡುಗರೂ ಅದಕ್ಕೆ ಸಿಕ್ಕುವುದುಂಟು.

ಹೀಗೆ ಸಿಕ್ಕಿದ ದೇಹವನ್ನು ಯಾರೋ ಧೈರ್ಯಶಾಲಿಗಳು ದಡಕ್ಕೆ ಎಳೆದು ಹಾಕಿದರೆನ್ನೋಣ. ಉಸಿರಿಲ್ಲ, ನಾಡಿಯಿಲ್ಲ, ಮೈ ಇನ್ನೂ ಬೆಚ್ಚಗಿದೆ. ಸುತ್ತ ನೆರೆದವರು ಮುಂದಿನ ಐದು ನಿಮಿಷಗಳಲ್ಲಿ ಮಾಡತಕ್ಕುದೇನು? ಸಂತೆಯ ನಡುವೆ ನಿಂತಿದ್ದ ಮನುಷ್ಯನೊಬ್ಬನು ಹೃದಯವು ಸ್ತಂಭಿಸಿ ಕುಸಿದಾಗಲೂ ಪ್ರಶ್ನೆ ಇದೇ. ಮನುಷ್ಯನು ಈ ಪ್ರಶ್ನೆಗೆ ಕೊಟ್ಟಿರುವ ಉತ್ತರಗಳ ಚರಿತ್ರೆಯು ಬಹಳ ದೀರ್ಘವಾದುದು. ಅಲ್ಲಲ್ಲಿ ನಗೆಯನ್ನೂ ಅಲ್ಲಲ್ಲಿ ದುಃಖವನ್ನೂ ತರತಕ್ಕುದು.

ನಮ್ಮ ಪ್ರಾಚೀನ ವೈದ್ಯಗ್ರಂಥಗಳು ಈ ವಿಷಯದಲ್ಲಿ ಮೌನವಾಗಿಲ್ಲ. ಚರಕಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯದಲ್ಲಿ, ಹುಟ್ಟಿದೊಡನೆ ಚಲಿಸದೆ ಬಿದ್ದಿರುವ ಶಿಶುವಿಗೆ ಮಾಡತಕ್ಕ ಉಪಚಾರವನ್ನು ಹೇಳಿದೆ. ಕಿವಿಯ ಬುಡದಲ್ಲಿ ಎರಡು ಕಲ್ಲುಗಳನ್ನು ಬಡಿಯಬೇಕು. ಮುಖಕ್ಕೆ ತಣ್ಣೀರನ್ನೋ ಬಿಸಿನೀರನ್ನೋ ಸಿಂಪಡಿಸಬೇಕು. ಮೊರದಿಂದ ಗಾಳಿ ಬೀಸಬೇಕು. ಎಲ್ಲಿಯವರೆಗೆ? ಪ್ರಾಣಗಳು ಹಿಂದಿರುಗುವವರೆಗೆ. ಇಲ್ಲಿ ಬರುವ ‘ಪ್ರತ್ಯಾಗಮನ’ವೆಂಬ ಮಾತು ಗಮನಿಸತಕ್ಕುದು. ಉಸಿರು ನಿಂತುದೇ ಮರಣವಲ್ಲ, ಹೋದ ಪ್ರಾಣಕ್ಕೆ ಮರಳಿ ಬರುವ ದಾರಿ ಸ್ವಲ್ಪಕಾಲ ತೆರೆದಿರುವುದು ಎಂಬ ಅರಿವು ಆ ಒಂದು ಪದದಲ್ಲಿ ಅಡಗಿದೆ. ಇಂದಿನ ವೈದ್ಯರೂ ನವಜಾತ ಶಿಶುವಿನ ಮೈಯನ್ನು ಒರಸಿ, ಬೆನ್ನನ್ನು ತೀಡಿ, ಅಂಗಾಲನ್ನು ತಟ್ಟಿ ಉಸಿರನ್ನು ಎಬ್ಬಿಸುವುದುಂಟು. ಕಲ್ಲಿನ ಸದ್ದು ಹೋಯಿತು, ಎಚ್ಚರಿಸುವ ತತ್ತ್ವ ಉಳಿಯಿತು.

ಸುಶ್ರುತಸಂಹಿತೆಯು ಮರ್ಮಗಳನ್ನು ನೂರೇಳೆಂದು ಎಣಿಸಿ, ಹೃದಯವನ್ನು ಸದ್ಯಃಪ್ರಾಣಹರವಾದ ಮರ್ಮಗಳ ಗುಂಪಿಗೆ ಸೇರಿಸಿದೆ. ಅದೇ ಸಂಹಿತೆಯ ಸೂತ್ರಸ್ಥಾನದ ಇಪ್ಪತ್ತೇಳನೆಯ ಅಧ್ಯಾಯವು ದೇಹದೊಳಕ್ಕೆ ಹೊಕ್ಕ ಶಲ್ಯಗಳನ್ನು ತೆಗೆಯುವ ಕ್ರಮವನ್ನು ಹೇಳತಕ್ಕುದು. ಹೊಟ್ಟೆಯಲ್ಲಿ ತುಂಬಿದ ನೀರನ್ನೂ ಅಲ್ಲಿ ಒಂದು ಶಲ್ಯದಂತೆಯೇ ಭಾವಿಸಿ, ಮುಳುಗಿದವನನ್ನು ತಲೆಕೆಳಗು ಮಾಡಿ ಒತ್ತಬೇಕು, ಅಲುಗಿಸಬೇಕು, ವಾಂತಿ ಮಾಡಿಸಬೇಕು, ಇಲ್ಲವೆ ಬಾಯಿಯ ಮಟ್ಟದವರೆಗೆ ಬೂದಿಯ ರಾಶಿಯಲ್ಲಿ ಹೂಳಬೇಕು ಎಂದು ವಿಧಿಸಿದೆ. ಪ್ರಾಚೀನರ ಮೇಲಣ ಅಭಿಮಾನದಿಂದ ಇದರಲ್ಲಿ ಇಂದಿನ ಚಿಕಿತ್ಸೆಯೆಲ್ಲವನ್ನೂ ಕಾಣುವವರಿದ್ದಾರೆ. ಅದು ಸಲ್ಲದು. ಇಲ್ಲಿ ಉಸಿರನ್ನು ಊದುವ ಮಾತಿಲ್ಲ, ಎದೆಯನ್ನು ಲಯಬದ್ಧವಾಗಿ ಒತ್ತುವ ಮಾತೂ ಇಲ್ಲ. ಗ್ರಂಥದಲ್ಲಿ ಇದ್ದುದನ್ನು ಇದ್ದಂತೆ ಓದುವುದೇ ಗ್ರಂಥಕಾರನಿಗೆ ಸಲ್ಲುವ ಗೌರವ.

ಈ ಬೂದಿರಾಶಿಯ ನೆನಪು ಬರಿಯ ಪಂಡಿತರ ಕುತೂಹಲವಾಗಿದ್ದರೆ ಚಿಂತೆಯಿರಲಿಲ್ಲ. ೨೦೨೨ರಲ್ಲಿ ಬಳ್ಳಾರಿ ಜಿಲ್ಲೆಯ ಒಂದು ಹಳ್ಳಿಯಲ್ಲಿ ನೀರುಪಾಲಾದ ಬಾಲಕನೊಬ್ಬನನ್ನು ಉಪ್ಪಿನ ರಾಶಿಯಲ್ಲಿ ಹೂತು, ಮುಖವೊಂದನ್ನು ಹೊರಗೆ ಬಿಟ್ಟು, ಜೀವ ಬರುವುದೆಂದು ಗಂಟೆಗಟ್ಟಲೆ ಕಾದರು. ೨೦೨೩ರಲ್ಲಿ ಹಾವೇರಿ ಜಿಲ್ಲೆಯಲ್ಲಿಯೂ ಇಬ್ಬರು ಮಕ್ಕಳಿಗೆ ಇದೇ ರೀತಿ ನಡೆಯಿತು. ಮೊಬೈಲಿನಲ್ಲಿ ಊರಿಂದೂರಿಗೆ ಹರಿದ ಮಾತೊಂದು ಆ ಬಡ ತಂದೆತಾಯಿಗಳ ಆಸೆಗೆ ಆಧಾರವಾಗಿತ್ತು. ಬೂದಿಯು ಉಪ್ಪಾಯಿತು, ಬಾಯಿಯನ್ನು ಹೊರಗೆ ಬಿಡುವ ವಿಧಿ ಹಾಗೆಯೇ ಉಳಿಯಿತು. ಒಂದರಿಂದ ಇನ್ನೊಂದು ಬಂದಿತೆಂದು ಸಾಧಿಸುವುದು ಕಷ್ಟ; ಆದರೆ ಎರಡರ ಹೋಲಿಕೆ ಯಾರ ಕಣ್ಣಿಗಾದರೂ ಬೀಳದೆ ಇರದು. ಆ ಹೆತ್ತವರನ್ನು ಮೂಢರೆಂದು ಜರೆಯುವುದು ಸುಲಭ. ಮಗುವಿನ ಮೈ ಬೆಚ್ಚಗಿರುವಾಗ ಏನಾದರೂ ಮಾಡಲೇಬೇಕೆಂಬ ಅವರ ತುಡಿತವು ಸರಿಯಾದುದೇ ಆಗಿತ್ತು. ಮಾಡತಕ್ಕುದು ಯಾವುದೆಂಬುದನ್ನು ಅವರಿಗೆ ಯಾರೂ ಕಲಿಸಿರಲಿಲ್ಲ. ನಮ್ಮ ಹಳ್ಳಿಗಳಲ್ಲಿ ಮುಳುಗಿದವನನ್ನು ಹೆಗಲ ಮೇಲೆ ಹೊತ್ತು ಗಿರಗಿರನೆ ತಿರುಗಿಸುವವರ ವಿಷಯವೂ ಇಷ್ಟೆ.

ಯೂರೋಪಿನವರು ಈ ದಾರಿಯಲ್ಲಿ ನಮಗಿಂತ ಜಾಣರಾಗಿದ್ದರೆಂದು ತಿಳಿಯಬೇಕಾಗಿಲ್ಲ. ಅಲ್ಲಿಯೂ ಮುಳುಗಿದವನನ್ನು ಪೀಪಾಯಿಯ ಮೇಲೆ ಹಾಕಿ ಉರುಳಿಸಿದರು, ಕಾಲು ಕಟ್ಟಿ ನೇತುಹಾಕಿದರು, ಬಿಸಿ ಬೂದಿಯಲ್ಲಿ ಹೂತರು. ಕಾಲುವೆಗಳ ನಗರವಾದ ಆಮ್‌ಸ್ಟರ್‌ಡ್ಯಾಮಿನಲ್ಲಿ ೧೭೬೭ರಲ್ಲಿ ಮುಳುಗಿದವರನ್ನು ಬದುಕಿಸುವುದಕ್ಕೆಂದೇ ಒಂದು ಸಂಘವು ಹುಟ್ಟಿತು. ನಾಲೆಯ ದಡದ ಊರವರಿಗೆ ಈ ಸಂಘದ ಹುಟ್ಟು ಬೇಗ ಅರ್ಥವಾದೀತು. ಬಾಯಿಗೆ ಬಾಯಿಟ್ಟು ಊದುವುದು, ಮೈಯನ್ನು ಬೆಚ್ಚಗಿಡುವುದು, ತಲೆಯನ್ನು ತಗ್ಗಿಸಿ ಹೊಟ್ಟೆಯನ್ನು ಒತ್ತುವುದು, ರಕ್ತ ತೆಗೆಯುವುದು, ಇವೆಲ್ಲವನ್ನೂ ಸಂಘವು ಉಪದೇಶಿಸಿತು. ಇವುಗಳೊಡನೆ ಗುದದ್ವಾರದಿಂದ ಹೊಗೆಸೊಪ್ಪಿನ ಹೊಗೆಯನ್ನು ಊದುವುದೂ ಸೇರಿತ್ತು! ವಾಚಕರು ನಗಬಾರದು, ಆ ಕಾಲದ ದೊಡ್ಡ ವೈದ್ಯರು ಇದನ್ನು ಗಂಭೀರವಾಗಿ ನಂಬಿದ್ದರು, ಅದಕ್ಕೆಂದೇ ತಿದಿಗಳನ್ನು ಮಾಡಿಸಿ ನದಿಯ ದಡಗಳಲ್ಲಿ ಇರಿಸಿದ್ದರು. ಹೊಗೆಸೊಪ್ಪಿನ ಸಾರವು ಹೃದಯಕ್ಕೆ ವಿಷವೆಂದು ಬೆಂಜಮಿನ್ ಬ್ರೋಡಿ ಎಂಬ ಇಂಗ್ಲಿಷ್ ಶಸ್ತ್ರವೈದ್ಯರು ೧೮೧೧ರಲ್ಲಿ ಪ್ರಾಣಿಗಳ ಮೇಲೆ ಪ್ರಯೋಗಿಸಿ ತೋರಿಸಿದ ಮೇಲೆ ಆ ಪದ್ಧತಿಯು ನಶಿಸಿತು.

ಹಾಗಾದರೆ ಆಮ್‌ಸ್ಟರ್‌ಡ್ಯಾಮಿನವರ ಹಿರಿಮೆ ಯಾವುದರಲ್ಲಿ? ಲೆಕ್ಕ ಬರೆದಿಡುವುದರಲ್ಲಿ. ಯಾರು ಮುಳುಗಿದರು, ಎಷ್ಟು ಹೊತ್ತು ನೀರಿನಲ್ಲಿದ್ದರು, ಏನು ಮಾಡಲಾಯಿತು, ಬದುಕಿದರೋ ಇಲ್ಲವೋ ಎಂಬುದನ್ನು ಅವರು ಒಂದೊಂದಾಗಿ ಬರೆದು ಪ್ರಕಟಿಸಿದರು. ನಾಲ್ಕು ವರ್ಷಗಳಲ್ಲಿ ನೂರೈವತ್ತು ಜನರು ಬದುಕಿದರೆಂದು ಅವರು ಹೇಳಿಕೊಂಡರು. ಆ ಸಂಖ್ಯೆಯನ್ನು ಎಷ್ಟು ನಂಬಬೇಕೋ ಬೇರೆ ಮಾತು. ಲೆಕ್ಕವಿದ್ದಲ್ಲಿ ತಪ್ಪು ಬಯಲಾಗುವ ಸಂಭವವಾದರೂ ಉಂಟು. ವಿಧಿಯನ್ನು ಮಾತ್ರ ಕಂಠಪಾಠ ಮಾಡಿ ಫಲವನ್ನು ಎಣಿಸದೆ ಬಿಟ್ಟುದು ನಮ್ಮ ಪರಂಪರೆಯ ಕೊರತೆ. ಅವರನ್ನು ನೋಡಿ ೧೭೭೪ರಲ್ಲಿ ವಿಲಿಯಂ ಹಾಸ್, ಥಾಮಸ್ ಕೋಗನ್ ಎಂಬ ವೈದ್ಯರು ಲಂಡನ್ನಿನಲ್ಲಿಯೂ ಅಂಥದೇ ಸಂಘವನ್ನು ಸ್ಥಾಪಿಸಿದರು.

ಬಾಯಿಯಿಂದ ಊದುವ ಕ್ರಮವು ಅದಕ್ಕೂ ಹಿಂದಿನದು. ೧೭೩೨ರಲ್ಲಿ ಸ್ಕಾಟ್ಲೆಂಡಿನಲ್ಲಿ ವಿಲಿಯಂ ಟಾಸಕ್ ಎಂಬ ಶಸ್ತ್ರವೈದ್ಯರು ಗಣಿಯ ಹೊಗೆಯಿಂದ ಉಸಿರುಗಟ್ಟಿ ಬಿದ್ದಿದ್ದ ಕೆಲಸಗಾರನೊಬ್ಬನನ್ನು ಹೀಗೆ ಬದುಕಿಸಿದರು. ೧೭೪೦ರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯು ಮುಳುಗಿದವರಿಗೆ ಇದನ್ನೇ ವಿಧಿಸಿತು. ಆದರೂ ಆ ಶತಮಾನ ಮುಗಿಯುವುದರೊಳಗೆ ಅದು ಬದಿಗೆ ಸರಿಯಿತು. ಹೊರಬಿಟ್ಟ ಉಸಿರು ಕೆಟ್ಟ ಗಾಳಿ, ಅದರಿಂದ ಜೀವ ಬಾರದು ಎಂಬ ಶಂಕೆ ಹುಟ್ಟಿತು. ಅಪರಿಚಿತನ ಬಾಯಿಗೆ ಬಾಯಿಡುವುದು ಅಸಹ್ಯವೆಂಬ ಭಾವನೆಯೂ ಸೇರಿತು. ಮೊದಲು ತಿದಿ ಬಂದಿತು, ಆ ಮೇಲೆ ಮೈಯನ್ನು ಹೊರಳಿಸುವ, ತೋಳನ್ನು ಎತ್ತಿಳಿಸುವ, ಬೆನ್ನನ್ನು ಒತ್ತುವ ವಿಧಾನಗಳು ಬಂದವು. ೧೮೫೬ರಲ್ಲಿ ಮಾರ್ಷಲ್ ಹಾಲ್, ೧೮೫೮ರಲ್ಲಿ ಸಿಲ್ವೆಸ್ಟರ್, ೧೯೦೩ರಲ್ಲಿ ಶೇಫರ್, ೧೯೩೨ರಲ್ಲಿ ಹೋಲ್ಗರ್ ನೀಲ್ಸನ್ ಹೀಗೆ ಒಬ್ಬೊಬ್ಬರ ಹೆಸರಿನ ಒಂದೊಂದು ಕ್ರಮ. ನಮ್ಮ ದೇಶದ ಸ್ಕೌಟು ಬಾಲಕರೂ ಸೇಂಟ್ ಜಾನ್ ತರಗತಿಗಳವರೂ ಬಹಳ ಕಾಲ ಕಲಿತುದು ಇಂಥ ಕ್ರಮಗಳನ್ನೇ.

ಇವುಗಳ ನಿಜವನ್ನು ಒರೆಗೆ ಹಚ್ಚಿದವರು ಜೇಮ್ಸ್ ಈಲಂ ಮತ್ತು ಪೀಟರ್ ಸಾಫರ್ ಎಂಬ ವೈದ್ಯರು. ಹೊರಬಿಟ್ಟ ಉಸಿರಿನಲ್ಲಿಯೂ ಇನ್ನೊಬ್ಬರನ್ನು ಉಳಿಸುವಷ್ಟು ಆಮ್ಲಜನಕವು ಧಾರಾಳವಾಗಿ ಇರುವುದೆಂದು ಈಲಂ ಮೊದಲು ತೋರಿಸಿದರು. ೧೯೫೭ರ ಸುಮಾರಿಗೆ ಅಮೆರಿಕೆಯ ಬಾಲ್ಟಿಮೋರಿನಲ್ಲಿ ಸಾಫರ್ ನಡೆಯಿಸಿದ ಪ್ರಯೋಗವು ರೋಮಾಂಚಕರವಾದುದು. ವೈದ್ಯರೂ ವಿದ್ಯಾರ್ಥಿಗಳೂ ತಾವಾಗಿ ಮುಂದೆ ಬಂದು, ಮದ್ದಿನಿಂದ ಮೈಯ ಸ್ನಾಯುಗಳನ್ನೆಲ್ಲ ನಿಶ್ಚೇಷ್ಟಗೊಳಿಸಿಕೊಂಡು, ಸ್ವಂತ ಉಸಿರಾಟವಿಲ್ಲದೆ ಮಲಗಿದರು. ಸಾಮಾನ್ಯ ಜನರು ಅವರ ಬಾಯಿಗೆ ಊದಿದರು. ತೋಳೆತ್ತುವ, ಬೆನ್ನೊತ್ತುವ ಹಳೆಯ ಕ್ರಮಗಳನ್ನೂ ಅವರ ಮೇಲೆಯೇ ಪರೀಕ್ಷಿಸಿದರು. ಎಚ್ಚರವಿಲ್ಲದವನ ನಾಲಗೆಯು ಹಿಂದಕ್ಕೆ ಜಾರಿ ಗಂಟಲನ್ನು ಮುಚ್ಚುವುದರಿಂದ ಹಳೆಯ ಕ್ರಮಗಳಲ್ಲಿ ಬಹುಮಟ್ಟಿಗೆ ಗಾಳಿಯು ಒಳಗೆ ಹೋಗುತ್ತಲೇ ಇರಲಿಲ್ಲವೆಂದೂ, ತಲೆಯನ್ನು ಹಿಂದಕ್ಕೆ ಬಾಗಿಸಿ ಗಲ್ಲವನ್ನು ಎತ್ತಿ ಊದಿದರೆ ಎದೆ ತುಂಬುವುದೆಂದೂ ಕಂಡುಬಂದಿತು. ಒಂದು ಶತಮಾನ ಲೋಕವೆಲ್ಲ ಕಲಿತ ಪಾಠವು ಕೆಲವು ತಿಂಗಳುಗಳಲ್ಲಿ ಬಿದ್ದುಹೋಯಿತು.

ಇದು ಉಸಿರಿನ ಕಥೆ. ಹೃದಯದ ಕಥೆ ಬೇರೆ. ನೀರಿನಲ್ಲಿ ಮುಳುಗಿದವನಲ್ಲಿ ಮೊದಲು ಉಸಿರು ನಿಂತು ಆ ಮೇಲೆ ಹೃದಯವು ನಿಲ್ಲುವುದು. ಹಠಾತ್ತಾಗಿ ಕುಸಿದವನಲ್ಲಿಯಾದರೋ ಹೃದಯವೇ ಮೊದಲು ತಾಳ ತಪ್ಪಿ, ಮಿಡಿಯುವ ಬದಲು ಬರಿದೆ ನಡುಗತೊಡಗುವುದು. ಉಸಿರು ಅದರ ಹಿಂದೆ ಹೋಗುವುದು. ಹೃದಯದ ರಕ್ತನಾಳ ಕಟ್ಟಿಕೊಂಡ ‘ಹೃದಯಾಘಾತ’ವೂ ಹೃದಯವು ನಿಂತೇಹೋದ ‘ಹೃದಯಸ್ತಂಭನ’ವೂ ಒಂದೇ ಅಲ್ಲ. ಮೊದಲನೆಯದು ಎರಡನೆಯದಕ್ಕೆ ಕಾರಣವಾಗಬಹುದು. ಮೊದಲನೆಯದರಲ್ಲಿ ರೋಗಿಯು ಎದೆ ಹಿಡಿದುಕೊಂಡು ಮಾತಾಡುತ್ತಿರುವನು. ಎರಡನೆಯದರಲ್ಲಿ ಮಾತಿಲ್ಲ, ಪ್ರಜ್ಞೆಯಿಲ್ಲ.

ಎದೆಯನ್ನು ಹೊರಗಿನಿಂದ ಒತ್ತಿ ರಕ್ತವನ್ನು ನಡೆಸಬಹುದೆಂಬುದನ್ನು ಜರ್ಮನಿಯ ಗಟಿಂಗೆನ್ನಿನಲ್ಲಿ ಫ್ರೀಡ್ರಿಖ್ ಮಾಸ್ ಎಂಬುವರು ೧೮೯೧ರಷ್ಟು ಹಿಂದೆಯೇ ಇಬ್ಬರು ರೋಗಿಗಳಲ್ಲಿ ಮಾಡಿ ತೋರಿಸಿದ್ದರು. ಲೋಕವು ಅದನ್ನು ಮರೆಯಿತು. ಮುಂದಿನ ವೈದ್ಯರು ಎದೆಯನ್ನು ಸೀಳಿ, ಹೃದಯವನ್ನು ಅಂಗೈಯಲ್ಲಿ ಹಿಡಿದು ಹಿಸುಕುವ ಮಾರ್ಗವನ್ನು ಹಿಡಿದರು. ೧೯೦೧ರಲ್ಲಿ ನಾರ್ವೆಯ ಇಗೆಲ್ಸ್‌ರೂಡ್ ಎಂಬುವರು ಹೀಗೆ ಒಬ್ಬ ರೋಗಿಯನ್ನು ಉಳಿಸಿದರು. ೧೯೪೭ರಲ್ಲಿ ಕ್ಲೀವ್‌ಲೆಂಡಿನಲ್ಲಿ ಕ್ಲಾಡ್ ಬೆಕ್ ಎಂಬ ಶಸ್ತ್ರವೈದ್ಯರು ಹದಿನಾಲ್ಕು ವರ್ಷದ ಹುಡುಗನ ತೆರೆದ ಎದೆಯಲ್ಲಿ ನಡುಗುತ್ತಿದ್ದ ಹೃದಯಕ್ಕೆ ವಿದ್ಯುತ್ತಿನ ಆಘಾತವನ್ನು ಕೊಟ್ಟು ಅದನ್ನು ಮತ್ತೆ ತಾಳಕ್ಕೆ ತಂದರು. ಎಂಥ ಸಾಹಸ! ಆದರೆ ಶಸ್ತ್ರಾಗಾರದ ಹೊರಗೆ, ಗದ್ದೆಯ ಬದುವಿನಲ್ಲಿ ಬಿದ್ದವನಿಗೆ ಇದರಿಂದ ಬರುವ ಲಾಭವೇನು?

ಆ ಲಾಭವು ಬಂದುದು ಒಂದು ಆಕಸ್ಮಿಕದಿಂದ. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದಲ್ಲಿ ವಿದ್ಯುತ್ ಎಂಜಿನಿಯರರಾದ ಕೌವೆನ್‌ಹೋವೆನ್ ಎಂಬ ವೃದ್ಧ ಪಂಡಿತರು, ಎದೆಯನ್ನು ಸೀಳದೆಯೇ ಹೊರಗಿನಿಂದ ವಿದ್ಯುದಾಘಾತ ಕೊಡುವ ಯಂತ್ರವನ್ನು ರೂಪಿಸುತ್ತಿದ್ದರು. ೧೯೫೮ರಲ್ಲಿ ಅವರ ಸಹಾಯಕ ಗಯ್ ನಿಕರ್‌ಬಾಕರ್, ಪ್ರಯೋಗದ ನಾಯಿಯ ಎದೆಯ ಮೇಲೆ ಆ ಯಂತ್ರದ ಭಾರವಾದ ಫಲಕಗಳನ್ನು ಅದುಮಿದಾಗ, ವಿದ್ಯುತ್ತು ಹರಿಯುವುದಕ್ಕೆ ಮುಂಚೆಯೇ ರಕ್ತದ ಒತ್ತಡವು ಸ್ವಲ್ಪ ಏರಿದುದನ್ನು ಕಂಡರು. ಬೇರೊಬ್ಬರಾಗಿದ್ದರೆ ಅದನ್ನು ಉಪಕರಣದ ದೋಷವೆಂದು ಬಿಟ್ಟುಬಿಡುತ್ತಿದ್ದರೇನೋ! ಇವರು ಬಿಡಲಿಲ್ಲ. ಶಸ್ತ್ರವೈದ್ಯ ಜೇಮ್ಸ್ ಜೂಡ್ ಅವರೂ ಸೇರಿ, ಎಷ್ಟು ಬಲದಿಂದ, ಎಷ್ಟು ವೇಗದಿಂದ, ಎದೆಯ ಯಾವ ಭಾಗದಲ್ಲಿ ಒತ್ತಬೇಕೆಂಬುದನ್ನು ಪರಿಶೋಧಿಸಿದರು. ೧೯೬೦ರ ಜುಲೈ ತಿಂಗಳಲ್ಲಿ ಮೂವರೂ ಪ್ರಕಟಿಸಿದ ಲೇಖನದಲ್ಲಿ, ಆಸ್ಪತ್ರೆಯಲ್ಲಿ ಹೃದಯ ನಿಂತ ೨೦ ಜನರಲ್ಲಿ ೧೪ ಮಂದಿ ಬದುಕಿದುದಾಗಿ ವರದಿಯಾಯಿತು. ಆ ಲೇಖನದ ತಾತ್ಪರ್ಯವು ಕ್ರಾಂತಿಕಾರಕವಾದುದು: ಈ ಕೆಲಸಕ್ಕೆ ಮನುಷ್ಯನ ಕೈಗಳ ಹೊರತು ಬೇರೆ ಸಾಧನವು ಅಗತ್ಯವಿಲ್ಲ. ಸಾಫರರ ಉಸಿರೂ ಇವರ ಎದೆಯೊತ್ತೂ ಕೂಡಿ ಇಂದು ಸಿ.ಪಿ.ಆರ್. ಎಂದು ಪ್ರಸಿದ್ಧವಾಗಿರುವ ಚಿಕಿತ್ಸೆಯಾಯಿತು.

ಅದೇ ವರ್ಷ ನಾರ್ವೆಯ ಆಟಿಕೆ ತಯಾರಕ ಆಸ್ಮಂಡ್ ಲೇರ್ಡಾಲ್ ಎಂಬುವರು ಈ ವಿದ್ಯೆಯನ್ನು ಕಲಿಸುವುದಕ್ಕೆಂದು ಆಳೆತ್ತರದ ಗೊಂಬೆಯನ್ನು ಮಾಡಿದರು. ನೀರಿನಲ್ಲಿ ಮುಳುಗಿದ್ದ ತಮ್ಮ ಮಗುವನ್ನೇ ಎತ್ತಿ ಉಳಿಸಿಕೊಂಡ ಅನುಭವ ಅವರಿಗಿದ್ದಿತು. ಗೊಂಬೆಯ ಮುಖಕ್ಕೆ ಅವರು ಆರಿಸಿಕೊಂಡುದು, ಪ್ಯಾರಿಸ್ಸಿನ ಸೇನ್ ನದಿಯಲ್ಲಿ ಸಿಕ್ಕಿದ ಅಜ್ಞಾತ ಯುವತಿಯೊಬ್ಬಳ ಮುಖದ ಅಚ್ಚೆಂದು ಪ್ರಸಿದ್ಧವಾಗಿದ್ದ ಪ್ರತಿಮೆಯನ್ನು. ಯಾರೂ ಬದುಕಿಸದೆ ಹೋದ ಆ ಮುಖಕ್ಕೆ ಆ ಮೇಲೆ ಲೋಕದ ಲಕ್ಷಾಂತರ ವಿದ್ಯಾರ್ಥಿಗಳು ಉಸಿರನ್ನು ಊದಿದ್ದಾರೆ.

ಎದೆಯೊತ್ತಿನಿಂದ ನಡೆಯುವ ರಕ್ತವು ಸಹಜವಾದುದರ ಮೂರರಲ್ಲೊಂದು ಪಾಲನ್ನೂ ಮುಟ್ಟುವುದು ಕಷ್ಟ. ಅಷ್ಟರಿಂದಲೇ ಮಿದುಳು ಕೆಲವು ನಿಮಿಷ ತಾಳಿಕೊಳ್ಳುವುದು. ಒತ್ತುವವರಿಲ್ಲದಿದ್ದರೆ ನಾಲ್ಕೈದು ನಿಮಿಷಗಳಲ್ಲಿ ಮಿದುಳು ಕೆಡತೊಡಗುವುದು. ವಿದ್ಯುದಾಘಾತದಿಂದ ಬದುಕುವ ಸಂಭವವು ಒಂದೊಂದು ನಿಮಿಷಕ್ಕೂ ನೂರಕ್ಕೆ ಏಳರಿಂದ ಹತ್ತರಷ್ಟು ಇಳಿಯುತ್ತ ಹೋಗುವುದು. ಆದುದರಿಂದಲೇ ೧೯೬೬ರಲ್ಲಿ ಬೆಲ್‌ಫಾಸ್ಟಿನ ಪ್ಯಾಂಟ್ರಿಜ್ ಎಂಬ ವೈದ್ಯರು ಆಘಾತದ ಯಂತ್ರವನ್ನು ಗಾಡಿಗೆ ಏರಿಸಿ ರೋಗಿಯ ಮನೆಗೇ ಒಯ್ದರು. ಗಾಡಿಯೂ ತಡವಾಗುವುದೆಂದು ೧೯೭೨ರಿಂದ ಸಿಯಾಟಲ್ ನಗರದಲ್ಲಿ ಲೆನರ್ಡ್ ಕಾಬ್ ಎಂಬುವರು ಪುರಜನರಿಗೇ ಎದೆಯೊತ್ತನ್ನು ಕಲಿಸಹೊರಟರು. ೧೯೯೦ರಲ್ಲಿ ನಾರ್ವೆಯ ಉಟ್‌ಸ್ಟೈನ್ ಎಂಬ ಹಳೆಯ ಮಠದಲ್ಲಿ ನಾನಾ ದೇಶದ ತಜ್ಞರು ಸೇರಿ, ಹೃದಯಸ್ತಂಭನದ ಲೆಕ್ಕವನ್ನು ಎಲ್ಲರೂ ಒಂದೇ ನಮೂನೆಯಲ್ಲಿ ಬರೆಯುವ ಕ್ರಮಕ್ಕೆ ಅಡಿಯಿಟ್ಟರು. ಆಮ್‌ಸ್ಟರ್‌ಡ್ಯಾಮಿನ ಹಳೆಯ ದಫ್ತರಕ್ಕೆ ಇದು ಮೊಮ್ಮಗನಿದ್ದಂತೆ.

ಕರ್ನಾಟಕದಲ್ಲಿ ೨೦೦೮ರ ನವೆಂಬರ್ ೧ರ ರಾಜ್ಯೋತ್ಸವದಂದು ೧೦೮ರ ‘ಆರೋಗ್ಯ ಕವಚ’ ಆಂಬುಲೆನ್ಸ್ ಸೇವೆಯು ಆರಂಭವಾಯಿತು. ೨೦೨೧ರ ಅಕ್ಟೋಬರ್ ೨೯ರಂದು ನಟ ಪುನೀತ್ ರಾಜ್‌ಕುಮಾರರು ನಲವತ್ತಾರನೆಯ ವಯಸ್ಸಿನಲ್ಲಿಯೇ ಅಗಲಿದಾಗ, ಹೃದಯದ ಮಾತು ನಾಡಿನ ಜಗಲಿ ಜಗಲಿಗಳಲ್ಲಿ ನಡೆಯಿತು. ಅವರ ಹೆಸರಿನ ‘ಹೃದಯಜ್ಯೋತಿ’ ಯೋಜನೆಯು ೨೦೨೩ರಲ್ಲಿ ಬಂದಿತು. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರಿಗೆ ಕಳುಹಿಸಿ, ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವುದು ಅದರ ಮುಖ್ಯಾಂಶ. ೨೦೨೫ರಲ್ಲಿ ಹಾಸನ ಜಿಲ್ಲೆಯ ಹಠಾತ್ ಮರಣಗಳು ಕಳವಳವೆಬ್ಬಿಸಿದಾಗ ಸರ್ಕಾರವು ತಜ್ಞರ ಸಮಿತಿಯನ್ನು ನೇಮಿಸಿತು. ಆಸ್ಪತ್ರೆಯ ಹೊರಗೆ ಆಗುವ ಹಠಾತ್ ಮರಣಗಳನ್ನು ವರದಿ ಮಾಡಿಸುವ ತೀರ್ಮಾನವನ್ನೂ ಪ್ರಕಟಿಸಿತು. ಎಣಿಸುವ ಬುದ್ಧಿ ನಮ್ಮಲ್ಲಿಯೂ ಬಂದಿತೆಂಬುದು ಸಮಾಧಾನದ ಸಂಗತಿ.

ಆದರೆ ಈ ಯಾವ ಸೌಕರ್ಯವೂ ಮೊದಲ ಐದು ನಿಮಿಷಗಳಲ್ಲಿ ತ್ಯಾವಣಿಗೆಯ ನಾಲೆಯ ದಡಕ್ಕೆ ಬಂದು ಮುಟ್ಟಲಾರದು. ಚನ್ನಗಿರಿಯೂ ದಾವಣಗೆರೆಯೂ ಹಲವು ಹರದಾರಿ ದೂರ. ಇಂಥ ಊರುಗಳ ಸ್ಥಿತಿಯನ್ನು ನೆನೆದೇ ಭಾರತದ ಅರಿವಳಿಕೆ ತಜ್ಞರು ೨೦೧೭ರಲ್ಲಿ ಸಾಮಾನ್ಯ ಜನರಿಗಾಗಿ ಒಂದು ಸರಳ ಕ್ರಮವನ್ನು ಗೊತ್ತುಮಾಡಿದರು. ಕುಸಿದವನನ್ನು ತಟ್ಟಿ ಕರೆಯಬೇಕು. ಓಗೊಡದೆ, ಸರಿಯಾಗಿ ಉಸಿರಾಡದೆ ಇದ್ದರೆ ಆಂಬುಲೆನ್ಸಿಗೆ ಕರೆಕೊಟ್ಟು, ಎದೆಯೆಲುಬಿನ ಕೆಳ ಅರ್ಧದ ಮೇಲೆ ಒಂದರ ಮೇಲೊಂದು ಅಂಗೈಯಿಟ್ಟು, ನಿಮಿಷಕ್ಕೆ ಸುಮಾರು ೧೨೦ರ ವೇಗದಲ್ಲಿ, ಐದಾರು ಸೆಂಟಿಮೀಟರು ತಗ್ಗುವಂತೆ ಎಡೆಬಿಡದೆ ಒತ್ತುತ್ತ ಆಸ್ಪತ್ರೆಗೆ ಸಾಗಿಸಬೇಕು. ತರಬೇತಿಯಿಲ್ಲದವರು ಬಾಯಿಯಿಂದ ಊದಬೇಕಾಗಿಲ್ಲ. ಮುಳುಗಿದವನ ವಿಷಯದಲ್ಲಿ ಮಾತ್ರ, ಅವನಿಗೆ ಮೊದಲು ಕೊರತೆಯಾದುದು ಉಸಿರೇ ಆದುದರಿಂದ, ಕಲಿತವರು ಮೊದಲು ಉಸಿರನ್ನು ಊದಿ ಆ ಮೇಲೆ ಎದೆಯನ್ನು ಒತ್ತಬೇಕೆಂದು ಲೋಕದ ತಜ್ಞರ ಮತ. ಹೊಟ್ಟೆಯನ್ನು ಒತ್ತಿ ನೀರು ಕಕ್ಕಿಸುವುದನ್ನು ಅವರು ನಿಷೇಧಿಸುವರು. ಕಕ್ಕಿದುದು ಶ್ವಾಸನಾಳಕ್ಕೆ ಇಳಿದು ಇದ್ದ ಆಸೆಯನ್ನೂ ಕೆಡಿಸುವುದು. ಸುಶ್ರುತನ ವಿಧಿಯಲ್ಲಿ ಮೊದಲನೆಯದಾಗಿದ್ದುದು ಇಂದು ನಿಷಿದ್ಧಗಳಲ್ಲಿ ಮೊದಲನೆಯದಾಗಿದೆ. ಪರೀಕ್ಷೆಗೆ ನಿಂತ ಶಾಸ್ತ್ರಕ್ಕೆ ಇದು ಅವಮಾನವಲ್ಲ.

ಜನರು ಮುಂದೆ ಬಾರದಿರುವುದಕ್ಕೆ ಅಜ್ಞಾನವೊಂದೇ ಕಾರಣವಲ್ಲ. ಮುಟ್ಟಿದವನು ಸತ್ತರೆ ಪೊಲೀಸು ಠಾಣೆಗೆ ಅಲೆಯಬೇಕಾದೀತೆಂಬ ಅಂಜಿಕೆಯು ಹಳ್ಳಿಯ ಯಾವ ಕಟ್ಟೆಯಲ್ಲಿ ಕೇಳಿದರೂ ಹೊರಬರುವುದು. ರಸ್ತೆಯ ಅಪಘಾತಗಳಲ್ಲಿ ನೆರವಾದವರಿಗೆ ಇಂಥ ಕಿರುಕುಳ ಕೂಡದೆಂದು ೨೦೧೬ರ ಮಾರ್ಚಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಕೇಂದ್ರದ ಸೂಚನೆಗಳಿಗೆ ಕಾನೂನಿನ ಬಲವನ್ನು ಕೊಟ್ಟಿತು. ಕರ್ನಾಟಕವು ಅದೇ ವರ್ಷ ತನ್ನದೇ ಆದ ಶಾಸನವನ್ನು ಮಾಡಿತು. ೨೦೧೮ರಲ್ಲಿ ಅದಕ್ಕೆ ರಾಷ್ಟ್ರಪತಿಗಳ ಅಂಕಿತ ದೊರೆಯಿತು. ಆಪತ್ತಿನಲ್ಲಿ ಕೈಕೊಟ್ಟವರಿಗೆ ಇಂಥ ಕಾಪನ್ನು ಶಾಸನದಿಂದಲೇ ಒದಗಿಸಿದ ರಾಜ್ಯಗಳಲ್ಲಿ ಕರ್ನಾಟಕವೇ ಮೊದಲನೆಯದು. ಈ ಸುದ್ದಿಯು ಉಪ್ಪಿನ ಸುದ್ದಿಯಷ್ಟು ವೇಗವಾಗಿ ಹಳ್ಳಿಗಳಿಗೆ ಇನ್ನೂ ಇಳಿದುಬಂದಿಲ್ಲ.